ಕಾಫಿ ಶಾಪಿನೊಳಗೊಂದು ಪ್ರದಕ್ಷಿಣೆ

ಕಳೆದ ಶನಿವಾರ ಬೆಳಗ್ಗೆ ನಮ್ಮ ಹಿಂದಿನ ಬೀದಿಯ ಕಮಲಮ್ಮನವರು ಅಶ್ವತ್ಥ ಮರಕ್ಕೆ ಪ್ರದಕ್ಷಿಣೆ ಹಾಕುತ್ತಾ ಹಾಕುತ್ತಾ ಸೀದಾ ಕಾಫಿ ಶಾಪಿನೊಳಗೆ ನುಗ್ಗಿಬಿಟ್ಟರು. ಕೈಯಲ್ಲಿ ತಾಮ್ರದ ಚೊಂಬು, ಬಾಯಲ್ಲಿ ಮಂತ್ರ. ಕ್ಯಾಪುಚಿನೊ ಹೀರುತ್ತಿದ್ದವರು ಕಪ್ಪು ಕೆಳಗಿಟ್ಟು ನೋಡಿದರು.

ತಪ್ಪು ಕಮಲಮ್ಮನವರದಲ್ಲ. ನನ್ನ ಭಾವಮೈದುನ ಮುರಳಿಯದು. ಸ್ವಲ್ಪ ನನ್ನದೂ ಇದೆ.

ಮುರಳಿ ಆರ್ಕಿಟೆಕ್ಟ್. ಜೆ.ಪಿ. ನಗರದಿಂದ ಪುಟ್ಟೇನಹಳ್ಳಿ ಕೆರೆಯ ಕಡೆ ಹೋಗುವಾಗ ಹೊಸದಾಗಿ ಎದ್ದಿರುವ ಹದಿನಾಲ್ಕು ಮಹಡಿಯ ಕಟ್ಟಡ ಅವನದೇ ಡಿಸೈನ್. ಕೆಳಗೆ ಅಂಗಡಿ, ನಡುವೆ ಆಫೀಸು, ಮೇಲೆ ಫ್ಲ್ಯಾಟು. ಆ ಜಾಗದಲ್ಲಿ ಹಳೆಯದೊಂದು ಅಶ್ವತ್ಥ ಕಟ್ಟೆ ಇತ್ತು. ಕಾರು ಬೇಸ್‌ಮೆಂಟಿಗೆ ಇಳಿಯಲು ಅಡ್ಡ ಎಂದು ಬಿಲ್ಡರ್ ಮರ ಕಡಿಸಲು ಹೊರಟಿದ್ದರು. ಮುರಳಿ ಜಗಳವಾಡಿ ಉಳಿಸಿದ. ಅಲ್ಲಿಗೆ ಗೇಟೂ ಬೇಡ, ಯಾರು ಬೇಕಾದರೂ ಬಂದು ಕೂರಲಿ ಎಂದು ಒಪ್ಪಿಸಿದ. (ಬಿಲ್ಡರನ್ನು ಒಪ್ಪಿಸುವ ಕಷ್ಟ ಫ್ಲ್ಯಾಟ್ ಕೊಂಡವರಿಗೆ ಗೊತ್ತು.)

ನಕ್ಷೆಯನ್ನು ನಮ್ಮ ಊಟದ ಟೇಬಲ್ ಮೇಲೇ ಹರಡಿದ್ದ. "ಭಾವ, ಕಾಫಿ ಶಾಪಿನ ಗ್ಲಾಸ್ ಗೋಡೆ ಕಟ್ಟೆಗೆ ಅಂಟ್ಕೊಂಡೇ ಇರತ್ತೆ. ಮರದ ಕೆಳಗೇ ಕೂತು ಕಾಫಿ ಕುಡಿದ ಹಾಗೆ!"

"ಸಖತ್ತಾಗಿದೆ ಕಣೋ" ಎಂದೆ. ಒಳಗೆ ದೋಸೆ ಹೊಯ್ಯುತ್ತಿದ್ದ ನನ್ನ ಹೆಂಡತಿ ವಿಮಲಾಳನ್ನು ಇಬ್ಬರೂ ಕರೆಯಲಿಲ್ಲ. ಕರೆದಿದ್ದರೆ ಒಂದೇ ನೋಟಕ್ಕೆ ಕೇಳುತ್ತಿದ್ದಳು: ಮರದ ಸುತ್ತ ಹೋಗುವುದು ಹೇಗೆ?

ಕಮಲಮ್ಮನವರ ಮಗಳಿಗೆ ಈಗ ದಿನ ತುಂಬುತ್ತಿದೆ. ಹಿಂದೆ ಎರಡು ಸಲ ಬಸಿರು ನಿಲ್ಲಲಿಲ್ಲ. ಈ ಸಲ ಹೆರಿಗೆ ಸುಸೂತ್ರವಾಗಲಿ ಎಂದು ತಾಯಿ ಹದಿನಾರು ಶನಿವಾರ ಇದೇ ಮರಕ್ಕೆ ಪ್ರದಕ್ಷಿಣೆಯ ಹರಕೆ ಹೊತ್ತಿದ್ದಾರೆ. ಗಾಜು ಕೂರಿಸುವ ಮೊದಲು, ಜಲ್ಲಿ ರಾಶಿ ದಾಟಿಕೊಂಡೇ ಹನ್ನೊಂದು ವಾರ ಮುಗಿಸಿದ್ದರು. ಹನ್ನೆರಡನೆಯ ವಾರ ಗಾಜು ಎದುರಾಯಿತು. ಕಾಫಿ ಶಾಪಿಗೆ ಕಟ್ಟೆಯ ಎರಡೂ ಪಕ್ಕ ಬಾಗಿಲಿತ್ತು. ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಂದರು.

ಎರಡನೇ ಸುತ್ತಿಗೆ ಮ್ಯಾನೇಜರ್ ತಡೆದ. "ಆಂಟಿ, ಇದು ಕಸ್ಟಮರ್ಸ್‌ಗೆ ಮಾತ್ರ."

"ಅರ್ಧಕ್ಕೆ ಬಿಡಕ್ಕಾಗಲ್ಲಪ್ಪ. ಇನ್ನೂ ಹತ್ತು ಸುತ್ತಿದೆ."

ಮುರಳಿ ತನ್ನ ಕಟ್ಟಡ ತೋರಿಸಲು ನಮ್ಮಿಬ್ಬರನ್ನೂ ಅಂದೇ ಕರೆದುಕೊಂಡು ಹೋಗಿದ್ದ. ಅವನ ಮುಖ ಕೆಂಪಾಯಿತು. "ಶಿವನ ದೇವಸ್ಥಾನದಲ್ಲಿ ಅರ್ಧ ಸುತ್ತು ಹೋಗಿ ವಾಪಸ್ ಬರ್ತಾರಲ್ವಾ ಅಕ್ಕ? ಹಾಗೇ..."

"ಇದು ಅಶ್ವತ್ಥ ನಾರಾಯಣ ಕಣೋ," ಎಂದಳು ವಿಮಲಾ. "ನಿನ್ನ ಬಿಲ್ಡಿಂಗಿಗೋಸ್ಕರ ಶಾಸ್ತ್ರ ಬದಲಾಯಿಸ್ತೀಯಾ?"

ನನಗೆ ನಿಜಕ್ಕೂ ನಾಚಿಕೆಯಾಯಿತು. ಹಸಿರು ಎಂದರೆ ಏಸಿಯಲ್ಲಿ ಕೂತು ನೋಡುವುದು ಎಂದು ನಮಗೆ ಯಾವಾಗ ಅಭ್ಯಾಸವಾಯಿತು? ಮರ ಉಳಿಯಿತಲ್ಲ ಎಂದು ಬೀಗಿದೆವು. ಆ ಮರದ ಹತ್ತಿರ ದಿನಾ ಯಾರು ಬರುತ್ತಾರೆ, ಬಂದು ಏನು ಮಾಡುತ್ತಾರೆ ಎಂದು ಒಬ್ಬರನ್ನೂ ಕೇಳಲಿಲ್ಲ.

ಮುರಳಿ ಹೋಗಿ ಕಾಫಿ ಶಾಪಿನ ಬಾಗಿಲು ತೆರೆದು ಹಿಡಿದು ನಿಂತ. ಮ್ಯಾನೇಜರ್ ಗೊಣಗಿಕೊಂಡು ಪಕ್ಕಕ್ಕೆ ಸರಿದ. ಲ್ಯಾಪ್‌ಟಾಪಿನ ಹುಡುಗಿಯೊಬ್ಬಳು ಕುರ್ಚಿ ಎಳೆದುಕೊಂಡು ದಾರಿ ಬಿಟ್ಟಳು. ಹತ್ತು ಸುತ್ತೂ ಮುಗಿದವು. ಕಮಲಮ್ಮ ಮುರಳಿಯ ಕೈಗೆ ಕಲ್ಲುಸಕ್ಕರೆ ಹಾಕಿ, "ನಿನಗೆ ಪುಣ್ಯ ಬರಲಪ್ಪ. ಇಲ್ಲೇ ಕೆಲಸಕ್ಕಿದೀಯಾ?" ಎಂದರು.

"ಹೂಂ ಅಮ್ಮ" ಎಂದ ಆರ್ಕಿಟೆಕ್ಟ್.

ಆಮೇಲೆ ಬಿಲ್ಡರಿಗೆ ಫೋನ್ ಮಾಡಿದ. ಗೋಡೆ ಮೂರಡಿ ಹಿಂದೆ ಸರಿಸೋಣ ಎಂದ. "ಕಾಫಿ ಶಾಪಿನವ್ರ ಜೊತೆ ಅಗ್ರಿಮೆಂಟ್ ಆಗೋಯ್ತಲ್ಲ ಸಾರ್, ಮುಂದೆ ನೋಡಣ" ಎಂದರಂತೆ ಅವರು.

ಹರಕೆಗೆ ಇನ್ನೂ ನಾಲ್ಕು ಶನಿವಾರ ಬಾಕಿ. ಮುರಳಿ ಈ ವಾರ ಊರಲ್ಲಿಲ್ಲ. ಬಾಗಿಲನ್ನೇನೋ ನಾನು ಹಿಡಿಯುತ್ತೇನೆ, ಗೋಡೆ ಸರಿಸುವವರು ಯಾರು?