ಚೂಡಾಮಣಿ ಮಿಸ್ ಕಡಿಸಿದ ಕಾಡು

ಬಸವನಗುಡಿಯ ಶಾಲೆಯಲ್ಲಿ ನಮಗೆ ಭೂಗೋಳ ಕಲಿಸಿದ ಚೂಡಾಮಣಿ ಮಿಸ್‌ಗೆ ಬೋಳು ಎಂಬುದೇ ಆಗದು. ಹಣೆಗೆ ಇಡದೆ ಬಂದ ಹುಡುಗಿ ಕಂಡರೆ ಮೇಜಿನ ಡ್ರಾಯರಿನಿಂದ ಕುಂಕುಮದ ಭರಣಿ ತೆಗೆಯುತ್ತಿದ್ದರು. ಮರವಿಲ್ಲದ ಬೆಟ್ಟ ಕಂಡರೆ ಸಸಿ ತರಿಸುತ್ತಿದ್ದರು. ಚಿಕ್ಕಮಗಳೂರಿನಾಚೆ ಅವರ ಕಣ್ಣಿಗೆ ಬಿದ್ದ ಒಂದು ಹುಲ್ಲುಗುಡ್ಡಕ್ಕೆ ಇಪ್ಪತ್ತಾರು ವರ್ಷ, ಪ್ರತಿ ಮಳೆಗಾಲ, ಒಂಬತ್ತನೇ ಕ್ಲಾಸಿನ ಬಸ್ಸು ಹೋಯಿತು. ತಲೆಗೊಂದು ಅಕೇಶಿಯಾ ಸಸಿ. ಮಿಸ್ ಹಟ ಹಿಡಿದರೆ ಬ್ರಹ್ಮ ಬಂದರೂ ಬಸ್ಸು ನಿಲ್ಲುತ್ತಿರಲಿಲ್ಲ.

ಸಸಿಗಳು ಕಾಡಾದವು, ಮಿಸ್ ನಿವೃತ್ತರಾದರು. ಹೋದ ವರ್ಷ ಶಾಲೆಗೆ ಎಪ್ಪತ್ತೈದು ತುಂಬುವಾಗ ಕಾರ್ಯದರ್ಶಿ ರಾಮಾನುಜ ಆ ಕಾಡಿಗೆ ‘ಚೂಡಾಮಣಿ ವನ’ ಎಂದು ಹೆಸರಿಟ್ಟು, ಸಮಾರಂಭದಲ್ಲಿ ಫಲಕ ತೆರೆಯುವುದೆಂದು ನಿಶ್ಚಯಿಸಿದರು. ಮದುವೆ, ಮಕ್ಕಳು ಬೇಡವೆಂದು ಶಾಲೆಯಲ್ಲೇ ಬದುಕು ಕಳೆದ ಮಿಸ್‌ಗೆ ಅದಕ್ಕಿಂತ ದೊಡ್ಡದು ಇನ್ನೇನಿತ್ತು? ಹಿಗ್ಗಿ ಹೀರೇಕಾಯಿಯಾದರು. ಫೋಟೊ ತೆಗೆಯಲು ನನ್ನನ್ನು ಕರೆದುಕೊಂಡು ಗುಡ್ಡಕ್ಕೆ ಹೊರಟರು.

ಗುಡ್ಡದ ಬುಡದಲ್ಲಿ ದನ ಕಾಯುತ್ತಿದ್ದ, ಅಲ್ಲಿನ ಊರಿನ ತಿಮ್ಮಕ್ಕ ಎಂಬುವರು ಸಿಕ್ಕಿದರು.

“ನೀವೇನಾ ಈ ಗಿಡ ನೆಟ್ಟೋರು?”

“ಹೌದಮ್ಮ, ನಾವೇ,” ಎಂದರು ಮಿಸ್, ಹೆಮ್ಮೆಯಿಂದ.

“ಹುಲ್ಲೆಲ್ಲ ಸತ್ತೋಯ್ತು ಕಣ್ರಮ್ಮ. ದನ ಮಾರ್ಬಿಟ್ವಿ, ಇವೆರಡೇ ಉಳಿದಿರೋದು. ಊರಿಗೆ ನೀರು ಕೊಡ್ತಿದ್ದ ಊಟೆನೂ ಬತ್ತೋಯ್ತು.”

“ಮರ ಇದ್ರೆ ತಾನೇ ನೀರು? ಪುಸ್ತಕದಲ್ಲೇ ಇದೆಯಲ್ಲ.”

“ಆ ಪುಸ್ತಕ ಬರ್ದೋರು ಈ ಗುಡ್ಡ ಹತ್ತಿದ್ರಾ?”

ಮಿಸ್ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಡ್ಡದ ಕಡೆ ನಡೆದರು. ಮೇಲೆ ಹತ್ತಿ ನೋಡಿದರೆ ಮರದಡಿ ಗೇಣುದ್ದ ತರಗೆಲೆ. ಒಂದು ಗರಿಕೆಯೂ ಇರಲಿಲ್ಲ.

ಮನೆಗೆ ಬಂದವರೇ ಹಳೆಯ ಕ್ಯಾಂಪುಗಳ ಫೋಟೊಗಳನ್ನು ಊಟದ ಮೇಜಿನ ಮೇಲೆ ವರ್ಷವಾರು ಹರಡಿದರು. ತಿಳಿದವರನ್ನು ಹುಡುಕಿಕೊಂಡು ಹೋಗಿ ಕೇಳಿದರು. ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಊಟೆಯ ಒರತೆಗೆ ಬಿಡುತ್ತಿದ್ದುದು ಆ ಹುಲ್ಲೇ ಎಂದರು ಅವರು. ಹೊಸ ರಸ್ತೆ ಗುಡ್ಡವನ್ನು ಕೊರೆದಿತ್ತು, ಮೇಲಿನ ರೆಸಾರ್ಟಿನ ಬೋರ್‌ವೆಲ್ ನೀರೆಳೆಯುತ್ತಿತ್ತು, ಅದೂ ನಿಜ. ಆದರೆ ಅವೆರಡೂ ಬಂದದ್ದು ಐದಾರು ವರ್ಷದ ಈಚೆಗೆ. ಹುಲ್ಲು ಅದಕ್ಕೂ ಹತ್ತು ವರ್ಷ ಮೊದಲೇ ಫೋಟೊಗಳಿಂದ ಮಾಯವಾಗಿತ್ತು.

“ರೋಡು, ರೆಸಾರ್ಟು ಅಂತ ಹೇಳಿ ಮೇಡಂ, ಸಾಕು,” ಎಂದರು ರಾಮಾನುಜ. “ನಿಮ್ಮ ಹೆಸರು ಯಾಕೆ ಕೆಡಿಸ್ಕೋತೀರ? ಫಲಕ ಬೇರೆ ರೆಡಿ ಇದೆ.”

ನನಗೂ ಹಾಗೇ ಅನ್ನಿಸಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಸಮಾರಂಭದ ದಿನ ಮಿಸ್ ಮೈಸೂರು ಸಿಲ್ಕ್ ಉಟ್ಟು ಬಂದರು. ಶಾಲು ಹೊದಿಸುವ ಮೊದಲೇ ಮೈಕ್ ಹಿಡಿದರು.

“ಬೆಟ್ಟ ಬದಲಾಗೋದಕ್ಕೆ ಮಳೆ, ಗಾಳಿ, ರಸ್ತೆ, ದುಡ್ಡು ಕಾರಣ ಅಂತ ಪಾಠ ಮಾಡಿದೀನಿ. ಒಂದು ಬಿಟ್ಟಿದ್ದೆ. ಊರೋರನ್ನ ಒಂದು ಮಾತೂ ಕೇಳ್ದೆ ಒಳ್ಳೇದು ಮಾಡಕ್ಕೆ ಹೋಗೋರು. ಆ ಗುಡ್ಡದಲ್ಲಿ ಅದು ನಾನು. ಫಲಕ ಬೇಡ. ಪಂಚಾಯ್ತಿಯೋರು, ಅರಣ್ಯ ಇಲಾಖೆಯೋರು ಇಬ್ರೂ ಒಪ್ಪಿದಾರೆ. ಬರೋ ಭಾನುವಾರ ಮರ ಕಡಿಯಕ್ಕೆ ಬಸ್ಸು ಹೊರಡತ್ತೆ. ಬರೋರು ಬನ್ನಿ.”

ರಾಮಾನುಜರ ಮುಖ ಹುಳ್ಳಗಾಯಿತು. ನನಗೆ ಮಾತ್ರ ಎದೆ ಉಬ್ಬಿತು. ಇಂಥವರ ಕೈಲಿ ಕಲಿತೆನಲ್ಲ ಎಂದುಕೊಂಡೆ.

ಭಾನುವಾರ ಮೂವತ್ತೆಂಟು ಜನ ಹೋದೆವು. ತಿಮ್ಮಕ್ಕನ ಊರಿನವರು ಗರಗಸ ಹಿಡಿದು ಕಾಯುತ್ತಿದ್ದರು. ಮಿಸ್ ತಮ್ಮ ಕೈಯಾರೆ ನೆಟ್ಟದ್ದನ್ನೇ ಮೊದಲು ತೋರಿಸಿದರು. ಅದು ಉರುಳುವಾಗ ಕಣ್ಣು ಒರೆಸಿಕೊಂಡರೇ ಹೊರತು ಮುಖ ತಿರುಗಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗರಗಸದವರು ಬಂಡೆಯ ಪಕ್ಕಕ್ಕೆ ಬಂದರು. ಅಲ್ಲಿದ್ದುದು ನನ್ನ ಮರ. ತಬ್ಬಿದರೆ ತೋಳು ತುಂಬುತ್ತಿತ್ತು.

“ಮಿಸ್, ಇದೊಂದು ಬಿಟ್ಬಿಡೋಣ್ವಾ?”

“ಎಲ್ರೂ ಒಂದೊಂದೇ ನೆಟ್ಟಿದ್ದು, ಸುಪ್ರಜಾ,” ಎಂದರು ಮಿಸ್.

ನಾನು ಪಕ್ಕಕ್ಕೆ ಸರಿದೆ.