ಫೋನಿನ್ಯಾಗ ಪಾಠ, ಸಿಗ್ನಲ್ ಟಾಕಿ ಬುಡಕ್ಕ

ಬೀದರ, ಭಾಲ್ಕಿಯಲ್ಲಿರುವ ನಮ್ಮ ಮಂದಿ ಎಲ್ಲಾರೂ ಓದ್ರಿ, ನಕ್ಕು ಬಿಡ್ರಿ.

ಔರಾದ ಕಡೆಯ ನಮ್ಮೂರ ಸಾಲ್ಯಾಗ ಇವತ್ತು ಪಾಲಕರ ಸಭೆ. ಮೊಮ್ಮಗಳು ರೇಣುಕಾಳ ಏಳನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಕೊರೊನಾ ಬಂದದ. ಅದಕ್ಕೆ ಇಡೀ ಕ್ಲಾಸು ಹದಿನಾಲ್ಕು ದಿನ ಮನಿಯಲ್ಲೇ ಇರಬೇಕು, ಪಾಠ ಫೋನಿನ್ಯಾಗ ಅಂತ ಸಾಲಿ ಕಮಿಟಿ ಹೇಳಿತು. ನನ್ನ ಜೀವ ಚುರ್ ಅಂತು. ಹೋದ ಸಲ ಸಾಲಿ ಬಂದ್ ಆದಾಗ ರೇಣುಕಾ ಭಾಗಾಕಾರ ಪೂರಾ ಮರೆತಿದ್ದಳು, ಈಗಷ್ಟೇ ಮತ್ತೆ ಬರಲಿಕ್ಕತ್ತಿತ್ತು.

ಬಾಜೂ ಮನಿ ಕಮಲಾಬಾಯಿ ಎದ್ದು ನಿಂತಳು. "ಸರ್, ಈ ಊರಾಗ ಸಿಗ್ನಲ್ ಸಿಗೋದು ನೀರಿನ ಟಾಕಿ ಬುಡಕ್ಕ ಒಂದೇ ಕಡೀರಿ. ಸಾಲ್ಯಾಗ ದೂರ ದೂರ ಕೂಡೋ ಹುಡುಗ್ರು ಅಲ್ಲಿ ಒಬ್ಬರ ಮ್ಯಾಲೊಬ್ಬರು ಬೀಳ್ತಾರ!"

ಕಮಿಟಿ ಅಧ್ಯಕ್ಷ ಮಾಣಿಕರಾವ್ ತಲೆ ಕೆರೆದುಕೊಂಡರು. "ಹಂಗಾದ್ರ ಅವರನ್ನ ದೂರ ಕೂಡ್ಸಲಿಕ್ಕ ಮಾಸ್ತರ್ ಅಲ್ಲಿಗಿ ಹೋಗ್ಲಿ."

"ಮಾಸ್ತರೇ ಹೋದ ಮ್ಯಾಲ ಫೋನ್ ಯಾಕ್ರಿ? ಬಾಯಿಲೇ ಹೇಳ್ಲಿ!" ಅಂದಳು ಕಮಲಾಬಾಯಿ.

ಮಾಸ್ತರ್ ಗಾಬರಿಯಾದರು. "ಬೋರ್ಡ್ ಇಲ್ದ ಗಣಿತ ಹ್ಯಾಂಗ ಹೇಳ್ಲಿರಿ?"

"ನಾವು ಹೊತ್ಕೊಂಡು ಬರ್ತೇವ್ರಿ," ಅಂತ ಹಿಂದಿನಿಂದ ನಾಲ್ಕು ಮಂದಿ ಕೂಗಿದರು. ನಾನೂ ಕೂಗಿದೆ, ಸೊಂಟ ನೋವಿದ್ದದ್ದು ಆಮ್ಯಾಲೆ ನೆನಪಾಯ್ತು.

ಒಂದು ತಾಸು ಜಗಳ ಆಡಿ ಎಲ್ಲರೂ ಒಪ್ಪಿದರು. ಮನಿಗೆ ಬಂದರೆ ರೇಣುಕಾ ಬಾಗಿಲಲ್ಲೇ ನಿಂತಿದ್ದಳು.

"ಮುತ್ಯಾ, ಏನಾಯ್ತು?"

"ಸಾಲಿ ಬಂದ್ ಆಯ್ತವ್ವಾ," ಅಂದೆ. "ನಾಳಿ ಹತ್ತಕ್ಕ ಪಾಟಿಚೀಲ ತಗೊಂಡು ಟಾಕಿ ಬುಡಕ್ಕ ಹೋಗು, ತಡ ಮಾಡಬ್ಯಾಡ."