ಒಡಪಿಗೊಂದು ಸೆಮಿನಾರು

ಕುಷ್ಟಗಿಯ ದವಾಖಾನೆಯಲ್ಲಿ ಚೀಟಿ ಮಾಡಿಸುವಾಗ ಕೌಂಟರಿನ ಹುಡುಗ ಕೇಳಿದ, ‘ಗಂಡನ ಹೆಸರೇನ್ರಿ ಅಮ್ಮಾ?’

ನಾನು ಹಿಂದೆ ತಿರುಗಿ ನೋಡಿದೆ. ಇಂಥ ಹೊತ್ತಿನಲ್ಲಿ ಜೊತೆಗೆ ಬಂದ ಮಗ ಹೇಳುತ್ತಾನೆ. ಅವನು ಗಾಡಿ ನಿಲ್ಲಿಸಲು ಹೋಗಿದ್ದ.

‘ಲಗೂನ ಹೇಳ್ರಿ, ಪಾಳಿ ಭಾಳ ಐತಿ.’

ಹೇಳಿದೆ.

‘ಸಜ್ಜಿರೊಟ್ಟಿ ತಟ್ಟತೀನಿ, ಶೇಂಗಾ ಹಿಂಡಿ ಕುಟ್ಟತೀನಿ,
ನಾಗಪ್ಪನವರ ಹೆಸರ ಹೇಳಿ ಹೊಸ್ತಿಲ ಮೆಟ್ಟತೀನಿ.’

ಹುಡುಗ ಕಂಪ್ಯೂಟರಿನಿಂದ ಕೈ ಎತ್ತಿಬಿಟ್ಟ. ‘ಅಮ್ಮಾ, ನಾ ಊಟ ಏನ್ ಮಾಡೀರಿ ಅಂತ ಕೇಳ್ಲಿಲ್ಲ. ಹೆಸರು ಕೇಳೀನಿ.’

‘ಅದರಾಗ ಐತಿ ನೋಡಪಾ, ಆರಿಸ್ಕೋ’ ಎಂದೆ. ಪಾಳಿಯಲ್ಲಿದ್ದವರೆಲ್ಲ ನಕ್ಕರು.

ನಗಲಿ ಬಿಡಿ. ನಮ್ಮ ಕಡೆ ನನ್ನ ವಯಸ್ಸಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಅವರು ತೀರಿಹೋದ ಮೇಲೂ ಹೇಳುವುದಿಲ್ಲ. (ಬರೆಯುವುದಕ್ಕೆ ಬಾಯಿ ಬೇಕಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.) ಹೇಳಲು ಇರುವುದು ಒಂದೇ ದಾರಿ, ಒಡಪು. ಹೊಸ ಮದುಮಗಳು ಗಂಡನ ಮನೆಗೆ ಬಂದಾಗ ಹೆಂಗಸರು ಬಾಗಿಲು ಕಟ್ಟಿ ನಿಲ್ಲುತ್ತಾರೆ. ಪ್ರಾಸ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ. ನನಗೆ ಅಂದು ಕಲಿಸಿಕೊಟ್ಟದ್ದು ಇದೊಂದೇ. ದವಾಖಾನೆಗೂ ಅದೇ, ರೇಷನ್ ಕಾರ್ಡಿಗೂ ಅದೇ.

ಪಾಳಿಯಲ್ಲಿ ನಗದೇ ಇದ್ದವಳು ಒಬ್ಬಳೇ. ನನ್ನ ಹಿಂದೆ ತನ್ನ ಖಾಲಾನ, ಅಂದರೆ ಚಿಕ್ಕಮ್ಮನ, ಜೊತೆ ನಿಂತಿದ್ದ ಹುಡುಗಿ. ಮುಂದೆ ಬಂದು ಕೈ ಹಿಡಿದಳು. ‘ಅಜ್ಜಿ, ಇನ್ನೊಮ್ಮೆ ಹೇಳ್ರಿ!’

‘ಯಾಕವಾ, ನಿನಗೂ ಚೀಟಿ ಮಾಡಿಸಬೇಕೇನು?’

ಹೆಸರು ಶಬಾನಾ. ಗಿಣಿಗೇರಾದವಳು. ಅಪ್ಪ ಅಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಇವಳು ಕೊಪ್ಪಳದಲ್ಲಿ ಕನ್ನಡ ಎಂ.ಎ. ಓದುತ್ತಾಳೆ. ಕವಿತೆ ಓದುವುದು, ಅದನ್ನು ಬಿಡಿಸಿ ನೋಡುವುದು, ಯಾಕೆ ಹೀಗೆ ಬರೆದರು ಎಂದು ಹೇಳುವುದು. ಅದಕ್ಕೂ ಒಂದು ಯೂನಿವರ್ಸಿಟಿ! ನಾನು ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು, ನನಗೇನು ಗೊತ್ತು?

ಅವಳಿಗೆ ಕೊನೆಯ ವರ್ಷದ ಪ್ರಬಂಧ ಬರೆಯಬೇಕಿತ್ತು. ಒಡಪಿನ ಮೇಲೆ ಬರೆಯುತ್ತೇನೆ ಎಂದಿದ್ದಳು. ಅವಳ ಸರ್ ಒಪ್ಪಿರಲಿಲ್ಲ. ಅದು ಮದುವೆ ಮನೆಯ ಆಟ, ಕಾವ್ಯವಲ್ಲ ಅಂತ. ಒಂದು ಸೆಮಿನಾರು ಕೊಡುತ್ತೇನೆ, ಅದರಲ್ಲಿ ಕಾವ್ಯ ಅಂತ ತೋರಿಸು, ಇಲ್ಲವಾದರೆ ನಾನು ಕೊಟ್ಟ ವಿಷಯ ತಗೋ ಎಂದಿದ್ದರಂತೆ.

‘ಬಿಟ್ಟ ಬಿಡು. ಅವರು ಕೊಟ್ಟದ್ದ ಬರಿ’ ಎಂದೆ.

‘ಇಲ್ಲಜ್ಜಿ. ನಮ್ಮ ಅಮ್ಮಿನೂ ಅಬ್ಬಾನ ಹೆಸರು ಹೇಳೂದಿಲ್ಲ. ‘ಶಬಾನಾ ಕೆ ಅಬ್ಬಾ’ ಅಂತಾಳ. ನಿಮಗ ಒಡಪರ ಐತಿ. ಅಕಿಗೆ ಅದೂ ಇಲ್ಲ. ನನಗ ಇದ ಬೇಕು. ನೀವ ಸೆಮಿನಾರಿಗೆ ಬಂದು ಹೇಳ್ರಿ.’

ಹೋದೆ. ಕೊಪ್ಪಳದ ಆ ಯೂನಿವರ್ಸಿಟಿ ಬಿಲ್ಡಿಂಗಿನಲ್ಲಿ ಲಿಫ್ಟ್ ಇದೆ, ನಡೆಯುವುದಿಲ್ಲ. ಮೊಣಕಾಲು ಹಿಡಿದುಕೊಂಡು ಹತ್ತಿದೆ. ಸರ್ ಕೆಟ್ಟವರಲ್ಲ. ಮೊದಲು ಚಹಾ ತರಿಸಿದರು, ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿದರು, ಆಮೇಲೆ ಮೈಕು ಮುಂದಿಟ್ಟರು. ‘ಹೇಳ್ರಿ ಅಮ್ಮಾ.’

ಬಾಯಿಗೆ ಬರಲಿಲ್ಲ.

ಕುರ್ಚಿಯಲ್ಲಿ ಆರಾಮಾಗಿ ಕೂತು ಒಡಪು ಹೇಳುವುದು ಹೇಗೆ? ದವಾಖಾನೆಯಲ್ಲಾದರೆ ಹುಡುಗ ಮುಂದಕ್ಕೆ ಬಿಡುತ್ತಿರಲಿಲ್ಲ. ಇಲ್ಲಿ ನನ್ನನ್ನು ತಡೆದವರು ಯಾರು? ಹಾಗೇ ಹೇಳಿದೆ, ‘ಯಾರೂ ದಾರಿ ಕಟ್ಟಿಲ್ಲಲ್ರಿ ಸರ. ಸುಮ್ನ ಹೆಂಗ ಹೇಳ್ಲಿ?’

ಹುಡುಗರು ನಕ್ಕರು. ಶಬಾನಾಳ ಮುಖ ಸಣ್ಣದಾಯಿತು.

ಸರ್ ಗಡಿಯಾರ ನೋಡಿದರು. ‘ನೋಡವಾ ಶಬಾನಾ, ಅದಕ್ಕ ನಾ ಹೇಳಿದ್ದು. ಕಾವ್ಯ ಅಂದ್ರ ಎಲ್ಲಿ ಹೇಳಿದ್ರೂ ಕಾವ್ಯ ಇರಬೇಕು.’

ಅವಳು ನನ್ನ ಹತ್ತಿರ ಬಂದಳು. ‘ಅಜ್ಜಿ, ಹೊರಗ ಹೋಗ್ರಿ.’

ಸಿಟ್ಟಿಗೆದ್ದಳು ಅಂದುಕೊಂಡೆ. ಅಷ್ಟು ಮೆಟ್ಟಿಲು ಹತ್ತಿಸಿ ಹೊರಗೆ ಹಾಕುವುದೇ? ಎದ್ದು ವರಾಂಡಕ್ಕೆ ಹೋಗಿ ತಿರುಗಿ ನೋಡಿದರೆ, ಬಾಗಿಲಿನ ಎರಡೂ ಕಡೆ ಕೈ ಚಾಚಿ ನಿಂತಿದ್ದಾಳೆ. ಅವಳ ಗೆಳತಿಯರಿಬ್ಬರು ಬಂದು ಪಕ್ಕ ಸೇರಿದರು.

‘ಹೆಸರು ಹೇಳಿದ್ರ ಒಳಗ. ಇಲ್ಲಾಂದ್ರ ಅಲ್ಲೇ ನಿಂದರ್ರಿ!’

ಬಂತು ನೋಡಿ. ರೊಟ್ಟಿ ಬಂತು, ಹಿಂಡಿ ಬಂತು. ಹೆಸರಿನ ಹತ್ತಿರ ಬಂದು ನಿಂತೆ. ಯಾಕೆ ನಿಂತೆನೋ, ಯಾವಾಗಲೂ ಅಲ್ಲಿ ನಿಲ್ಲುತ್ತೇನೆ. ಒಳಗೆ ಅಷ್ಟೂ ಹುಡುಗರು ಬಾಯಿ ಮುಚ್ಚಿಕೊಂಡು ಕಾದರು. ಆಮೇಲೆ ಹೇಳಿದೆ. ಚಪ್ಪಾಳೆ ಬಿತ್ತು, ದಾರಿ ಬಿಟ್ಟರು.

ಸರ್ ಒಳ್ಳೆಯ ಪ್ರಶ್ನೆಯನ್ನೇ ಕೇಳಿದರು. ‘ಹೆಸರು ಎಲ್ಲಾರಿಗೂ ಗೊತ್ತೈತಿ. ನೀನ ಬೋರ್ಡಿನ ಮ್ಯಾಲೆ ಬರದೀದಿ. ಗೊತ್ತಿದ್ದದ್ದ ಹೇಳಿದ್ರ ಕಾವ್ಯ ಎಲ್ಲಿ ಬಂತು?’

‘ತಡಾ ಮಾಡೂದ್ರಾಗ ಐತ್ರಿ ಸರ್’ ಎಂದಳು ಶಬಾನಾ. ‘ಹೆಸರಷ್ಟ ಬೇಕಂದ್ರ ಒಂದು ಮಾತು ಸಾಕಿತ್ತು. ಅಜ್ಜಿ ಮೊದಲ ರೊಟ್ಟಿ ತಟ್ಟಿದ್ರು, ಆಮ್ಯಾಲೆ ಹಿಂಡಿ ಕುಟ್ಟಿದ್ರು. ಅಲ್ಲೀತನ ಅವರು ಹೊರಗಿದ್ರು. ಹೆಸರು ಹೇಳಿ ಹೊಸ್ತಿಲು ಮೆಟ್ಟಿದ ಮ್ಯಾಲೆ ಅವರು ಆ ಮನಿಯವರು.’

‘ಅಂದ್ರ ಇದು ಪ್ರೀತಿ ಅಲ್ಲಂತೀಯೇನು?’

‘ಪ್ರೀತಿ ಇದರಾಗ ಎಲ್ಲೂ ಇಲ್ರಿ ಸರ್. ಕೆಲಸ ಐತಿ.’

ನನಗೆ ಸಿಟ್ಟು ಬಂತು. ನನ್ನ ಮದುವೆಯ ಒಡಪನ್ನು ನನ್ನೆದುರೇ ಹೀಗೆ ಬಿಡಿಸುವುದೇ? ಅಷ್ಟರಲ್ಲಿ ಸರ್ ನನ್ನ ಕಡೆ ತಿರುಗಿದರು. ‘ನೀವ ಹೇಳ್ರಿ ಅಮ್ಮಾ. ಅಕಿ ಹೇಳೂದು ಖರೇ ಐತೇನು?’

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಶಬಾನಾ ನೋಡುತ್ತಿರಲಿಲ್ಲ.

ನೆನಪು ಮಾಡಿಕೊಂಡೆ. ಮದುವೆಯ ದಿನ ಹೊಸ್ತಿಲಲ್ಲಿ ನಮ್ಮವರನ್ನೂ ತಡೆದಿದ್ದರು. ಅವರು ಬರೀ ನನ್ನ ಹೆಸರು ಅಂದು, ಹೆಂಗಸರನ್ನು ಸರಿಸಿ, ಒಳಗೆ ಹೋಗಿಬಿಟ್ಟರು. ಎಲ್ಲರೂ ನಕ್ಕಿದ್ದರು. ನಾನೂ ಅದನ್ನು ಇಷ್ಟು ವರ್ಷ ಚೇಷ್ಟೆ ಅಂತಲೇ ನೆನೆಯುತ್ತಿದ್ದೆ.

‘ಖರೇ ಐತ್ರಿ’ ಎಂದೆ. ‘ಅವರನ್ನ ಬರೇ ಹೆಸರಿಗೆ ಬಿಟ್ರು. ನನ್ನ ಬಿಡ್ಲಿಲ್ಲ. ಪ್ರೀತಿ ಆಮ್ಯಾಲೆ ಬಂತ್ರಿ. ಬಂದಾಗ ಒಡಪು ಹೇಳಂತ ಯಾರೂ ಕೇಳ್ಲಿಲ್ಲ. ಅವತ್ತ ನನಗ ಬರತಿದ್ದದ್ದು ರೊಟ್ಟಿ ಒಂದ.’

ಸರ್ ಮೈಕು ಪಕ್ಕಕ್ಕಿಟ್ಟರು. ಆಮೇಲೆ, ‘ಮಾಡವಾ. ಆದ್ರ ಒಂದ ಒಡಪಿಗೆ ಪ್ರಬಂಧ ಆಗೂದಿಲ್ಲ. ಊರೂರು ತಿರುಗಬೇಕು’ ಎಂದರು.

‘ನಾಳೇನ ಹನುಮಸಾಗರಕ್ಕ ಹೊಂಟೀನ್ರಿ ಸರ್!’

ಬಸ್ ಸ್ಟ್ಯಾಂಡಿನವರೆಗೆ ಬಂದು ನನಗೆ ಸೀಟು ಹಿಡಿದುಕೊಟ್ಟಳು. ‘ಸಿಟ್ಟು ಬಂತೇನಜ್ಜಿ?’ ಎಂದಳು. ಬಂದಿತ್ತು ಎಂದೆ. ಸುಳ್ಳು ಯಾಕೆ ಹೇಳಲಿ?

ಕವಿತೆಯನ್ನು ಬಿಡಿಸಿದರೆ ಅದರ ರುಚಿ ಹೋಗುತ್ತದೆ ಎನ್ನುವವರಿದ್ದಾರೆ. ಶೇಂಗಾ ಬಿಡಿಸದೆ ಹಿಂಡಿ ಕುಟ್ಟಲು ಬರುತ್ತದೆಯೇ? ನಾನು ಇಷ್ಟು ದಿನ ಸಿಪ್ಪೆ ಸಮೇತ ಇಟ್ಟುಕೊಂಡಿದ್ದೆ, ಅಷ್ಟೇ.

ಈಗ ಬಿಡಿಸಿಯಾಯಿತಲ್ಲ, ಒಂದು ಮಾತು ಕೇಳುತ್ತೇನೆ. ಅಂದು ಬಾಗಿಲು ಕಟ್ಟಿದ ಅಷ್ಟೂ ಜನ ಗಂಡನ ಹೆಸರು ಕೇಳಿದರು. ‘ಒಳಗ ಬರಾಕ ಮನಸೈತೇನವಾ?’ ಅಂತ ಒಬ್ಬಳಾದರೂ ಕೇಳಿದಳೇ?